ಹಾಲಿರೂಡ್‌ನಲ್ಲಿ ಮಂತ್ರಿಯನ್ನು ಪ್ರಶ್ನಿಸುವುದು ಹೇಗೆ: ಹಳ್ಳಿ, ಹಡಗು, ಮನೆ ವಿಚಾರಗಳಿಗೊಂದು ಸಮಗ್ರ ಮಾರ್ಗದರ್ಶಿ

ಬುಧವಾರ ಮಧ್ಯಾಹ್ನ ಎರಡು ಗಂಟೆ. ಎಡಿನ್‌ಬರೋದ ಹಾಲಿರೂಡ್‌ನಲ್ಲಿರುವ ಸ್ಕಾಟಿಷ್ ಪಾರ್ಲಿಮೆಂಟಿನ ಗ್ಯಾಲರಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಕೆಳಗೆ ಅರ್ಧಚಂದ್ರಾಕಾರದ ಸದನ. ಸಭಾಧ್ಯಕ್ಷರು ಹೆಸರು ಕರೆಯುತ್ತಾರೆ, ಸದಸ್ಯೆಯೊಬ್ಬರು ಎದ್ದು ಒಂದೇ ಸಾಲು ಓದುತ್ತಾರೆ: ದ್ವೀಪಗಳ ಹಡಗು ಸೇವೆ ಸುಧಾರಿಸಲು ಸರ್ಕಾರ ಏನು ಮಾಡುತ್ತಿದೆ? ಸಚಿವರು ಕಡತ ತೆರೆದು ಅರ್ಧ ನಿಮಿಷ ಓದಿ ಕೂರುತ್ತಾರೆ. ಮೊದಲ ಸಲ ನನ್ನ ಜೊತೆ ಬಂದಿದ್ದ ಗೆಳೆಯ ಪಿಸುಗುಟ್ಟಿದ್ದ: "ಇಷ್ಟೇನಾ? ನಮ್ಮ ವಿಧಾನಸಭೇಲಿ ಇದಕ್ಕಿಂತ ಜೋರಿರುತ್ತಲ್ಲ ಮಾರಾಯ." ತಡಿ, ಪ್ರಶ್ನೆ ಇನ್ನೂ ಕೇಳಿಲ್ಲ ಅಂದೆ.

ನಿಜವಾಗಿಯೂ ಕೇಳಿರಲಿಲ್ಲ. ಓದಿದ್ದು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಗಾಳ ಬರುವುದು ಆಮೇಲಿನ ಉಪಪ್ರಶ್ನೆಯಲ್ಲಿ. ಅದನ್ನು ಚೂಪು ಮಾಡುವ ಕೆಲಸವೋ, ಸದನದಾಚೆ, ವಾರಗಟ್ಟಲೆ ಮೊದಲೇ, ಲಿಖಿತ ಪ್ರಶ್ನೆಗಳಲ್ಲಿ ನಡೆದಿರುತ್ತದೆ. ಆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬಿಡಿಸಿಡುತ್ತೇನೆ. ಸ್ಕಾಟ್‌ಲೆಂಡಿನಲ್ಲಿ ನೆಲೆಸಿ ಅಲ್ಲಿನ ಶಾಸಕರಿಂದ ಒಂದು ಪ್ರಶ್ನೆ ಕೇಳಿಸಬೇಕು ಅನ್ನುವ ಕನ್ನಡಿಗರಿಗೂ, ಚುಕ್ಕೆ ಗುರುತಿನ ಪ್ರಶ್ನೆ, ಶೂನ್ಯ ವೇಳೆ ಅಂತ ಪತ್ರಿಕೆಯಲ್ಲಿ ಓದಿ ಬೇರೆ ಕಡೆ ಇದೆಲ್ಲ ಹೇಗೋ ಎಂದು ಕುತೂಹಲ ಪಡುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಶುರುವಿಗೆ ಮುಂಚೆ ಎರಡು ಗೊಂದಲ

ಸ್ಕಾಟಿಷ್ ಪಾರ್ಲಿಮೆಂಟಿನ ಸದಸ್ಯರನ್ನು ಅಲ್ಲಿ ಎಂಎಸ್‌ಪಿ ಅನ್ನುತ್ತಾರೆ. ನಮ್ಮ ಕಿವಿಗೆ ಅದು ಬೆಂಬಲ ಬೆಲೆ. "ಎಂಎಸ್‌ಪಿಗೆ ಪತ್ರ ಬರೆದೆ" ಅಂದರೆ ಊರಲ್ಲಿ ಅಪ್ಪ "ಅಲ್ಲೂ ರಾಗಿ ಕೊಳ್ತಾರಾ?" ಅಂತ ಕೇಳಿದ್ದುಂಟು. ಹಾಗಾಗಿ ಇಲ್ಲಿ ಶಾಸಕರು ಅಂತಲೇ ಬರೆಯುತ್ತೇನೆ. ಒಟ್ಟು 129 ಜನ. 73 ಮಂದಿ ಕ್ಷೇತ್ರಗಳಿಂದ, 56 ಮಂದಿ ಎಂಟು ಪ್ರಾಂತ್ಯಗಳಿಂದ, ಪ್ರಾಂತ್ಯಕ್ಕೆ ಏಳರಂತೆ.

ಎರಡನೆಯದು ಕ್ಯಾಬಿನೆಟ್ ಸೆಕ್ರೆಟರಿ. ದೆಹಲಿಯಲ್ಲಿ ಈ ಹುದ್ದೆ ಹಿರಿಯ ಐಎಎಸ್ ಅಧಿಕಾರಿಯದು. ಎಡಿನ್‌ಬರೋದಲ್ಲಿ ಕ್ಯಾಬಿನೆಟ್ ಸೆಕ್ರೆಟರಿ ಎಂದರೆ ಸಂಪುಟ ದರ್ಜೆ ಸಚಿವರು. ಗ್ರಾಮೀಣ ವ್ಯವಹಾರ ಮತ್ತು ದ್ವೀಪಗಳ ಖಾತೆ ಹೊತ್ತವರನ್ನೂ ಹಾಗೆಯೇ ಕರೆಯುತ್ತಾರೆ. 2021ರಲ್ಲಿ ಶುರುವಾದ ಆರನೇ ಅವಧಿಯಲ್ಲಿ ಆ ಖಾತೆ ಮೈರಿ ಗೂಜನ್ ಅವರದಾಗಿತ್ತು.

ಹೆಜ್ಜೆ 1: ವಿಷಯ ಯಾರ ಅಂಗಳದ್ದು ಎಂದು ಗೊತ್ತುಮಾಡಿಕೊಳ್ಳಿ

ಅರ್ಧಕ್ಕರ್ಧ ಪ್ರಶ್ನೆಗಳು ಎಡವುವುದು ಇಲ್ಲೇ. ನಾನು ಬರೆದ ಮೊದಲ ಪತ್ರವೂ ಎಡವಿತು. ಗೆಳೆಯನ ತಾಯಿಯ ವೀಸಾ ಬಗ್ಗೆ ಎರಡು ಪುಟ ಬರೆದು ಶಾಸಕರ ಕಚೇರಿಗೆ ಕಳಿಸಿದ್ದೆ. "ವಲಸೆ ವಿಚಾರ ಲಂಡನ್ನಿನ ಸರ್ಕಾರದ್ದು, ದಯವಿಟ್ಟು ನಿಮ್ಮ ಎಂಪಿಗೆ ಬರೆಯಿರಿ" ಎಂದು ಮೂರು ಸಾಲಿನ ಉತ್ತರ ಬಂತು. ತಪ್ಪು ಅವರದಲ್ಲ, ನನ್ನದೇ.

ಸ್ಕಾಟ್‌ಲೆಂಡಿನ ಅಧಿಕಾರ 1998ರ ಸ್ಕಾಟ್‌ಲೆಂಡ್ ಕಾಯ್ದೆಯಿಂದ ಬಂದದ್ದು. ನಮ್ಮ ಸಂವಿಧಾನದ ಏಳನೇ ಅನುಸೂಚಿ ರಾಜ್ಯಕ್ಕೆ ಏನೇನು ಸೇರಿದೆ ಎಂದು ಪಟ್ಟಿ ಕೊಡುತ್ತದೆ, ಯಾವ ಪಟ್ಟಿಯಲ್ಲೂ ಇಲ್ಲದ್ದು ಕೇಂದ್ರದ ಪಾಲು. ಅಲ್ಲಿ ಅದರ ತಿರುವುಮುರುವು. ಲಂಡನ್ ತನ್ನ ಬಳಿ ಉಳಿಸಿಕೊಂಡದ್ದರ ಪಟ್ಟಿ ಮಾತ್ರ ಕಾಯ್ದೆಯ ಐದನೇ ಅನುಸೂಚಿಯಲ್ಲಿದೆ. ಅದರಲ್ಲಿ ಇಲ್ಲದ್ದೆಲ್ಲ ಎಡಿನ್‌ಬರೋದ್ದು. ಕೃಷಿ, ಮೀನುಗಾರಿಕೆ, ಅರಣ್ಯ, ವಸತಿ, ಆರೋಗ್ಯ, ಶಾಲೆ, ಪೊಲೀಸ್, ದ್ವೀಪಗಳ ಹಡಗು ಇವೆಲ್ಲ ಎಡಿನ್‌ಬರೋದಲ್ಲಿ ಕೇಳಬಹುದಾದವು. ವಲಸೆ, ರಕ್ಷಣೆ, ವಿದೇಶಾಂಗ, ಪೆಟ್ರೋಲ್ ಮೇಲಿನ ಸುಂಕ ಕೇಳುವಂತಿಲ್ಲ.

ಮಜಾ ಇರುವುದು ಗಡಿರೇಖೆಯ ಮೇಲಿನ ವಿಷಯಗಳಲ್ಲಿ. ದೂರಸಂಪರ್ಕ ಲಂಡನ್ನಿನ ಪಟ್ಟಿಯಲ್ಲಿದೆ. ಹಾಗಾದರೆ ಹಳ್ಳಿಯ ಇಂಟರ್ನೆಟ್ ಬಗ್ಗೆ ಕೇಳಲಾಗದೆ? ಕೇಳಬಹುದು, ಬಾಗಿಲು ಮಾತ್ರ ಬೇರೆ. ಆರ್100 ಎಂಬ ಬ್ರಾಡ್‌ಬ್ಯಾಂಡ್ ಯೋಜನೆಯನ್ನು ನಡೆಸುತ್ತಿರುವುದು ಸ್ಕಾಟಿಷ್ ಸರ್ಕಾರ. 2021ರ ಕೊನೆಯೊಳಗೆ ಪ್ರತಿ ಮನೆಗೂ ಸೆಕೆಂಡಿಗೆ 30 ಮೆಗಾಬಿಟ್ ವೇಗ ಎಂದು ಹೇಳಿದ್ದೂ ಅದೇ ಸರ್ಕಾರ, ಆ ಗಡುವು ಮೀರಿದ್ದೂ ಅದರ ಕೈಯಲ್ಲೇ. "ನಮ್ಮೂರಲ್ಲಿ ನೆಟ್ ಯಾಕಿಲ್ಲ" ಎಂದರೆ ಲಂಡನ್ ಕಡೆ ಬೆರಳು ತೋರಿಸುತ್ತಾರೆ. "ಆರ್100 ಗುತ್ತಿಗೆಯಲ್ಲಿ ನಮ್ಮ ಕ್ಷೇತ್ರದ ಎಷ್ಟು ಮನೆ ಬಾಕಿ ಇವೆ" ಎಂದರೆ ಬೆರಳು ತೋರಿಸಲು ಜಾಗವೇ ಇರುವುದಿಲ್ಲ.

ಮೇಲಿನ ಗಡಿಯಂತೆ ಕೆಳಗೂ ಒಂದು ಗಡಿ ಇದೆ. 32 ಸ್ಥಳೀಯ ಕೌನ್ಸಿಲ್‌ಗಳಿವೆ. ಊರ ರಸ್ತೆಯ ಗುಂಡಿ, ಕಸ, ಹಳ್ಳಿ ಶಾಲೆ ಮುಚ್ಚುವ ತೀರ್ಮಾನಗಳಲ್ಲಿ ಮಂತ್ರಿ "ಇದು ಕೌನ್ಸಿಲ್‌ಗೆ ಬಿಟ್ಟ ವಿಚಾರ" ಎಂದು ಕೈತೊಳೆದುಕೊಳ್ಳಬಹುದು. ಅಂಥ ಕಡೆ ಕೌನ್ಸಿಲ್‌ಗೆ ಕೊಟ್ಟ ಹಣ, ಹೊರಡಿಸಿದ ಮಾರ್ಗಸೂಚಿ, ಇವುಗಳನ್ನು ಹಿಡಿದು ಕೇಳಬೇಕು. ಪೊಲೀಸ್ ವಿಷಯವೂ ಹೀಗೇ. 2013ರ ಏಪ್ರಿಲ್ 1ರಂದು ಎಂಟು ಪಡೆಗಳು ಸೇರಿ ಪೊಲೀಸ್ ಸ್ಕಾಟ್‌ಲೆಂಡ್ ಆಯಿತು. ಯಾವ ಹಳ್ಳಿಗೆ ಎಷ್ಟು ಪೇದೆ ಅನ್ನುವುದು ಮುಖ್ಯ ಪೊಲೀಸ್ ಅಧಿಕಾರಿಯ ತೀರ್ಮಾನ, ಒಟ್ಟು ಅನುದಾನ ಮಂತ್ರಿಯದು.

ಹೆಜ್ಜೆ 2: ಬಾಗಿಲು ಆರಿಸಿ

ಐದಾರು ಬಾಗಿಲುಗಳಿವೆ. ಇಲ್ಲಿ ಹೇಳುವ ದಿನ, ಹೊತ್ತು ಎಲ್ಲ ಆರನೇ ಅವಧಿಯ ಪದ್ಧತಿ. ಅವಧಿ ಬದಲಾದಾಗ ಹೊತ್ತುಗೊತ್ತು ಬದಲಾಗುವುದುಂಟು, ಹೊರಡುವ ಮುಂಚೆ ಆ ದಿನದ ಕಲಾಪಪಟ್ಟಿಯಾದ ಬಿಸಿನೆಸ್ ಬುಲೆಟಿನ್ ನೋಡಿಕೊಳ್ಳಿ.

ಲಿಖಿತ ಪ್ರಶ್ನೆಯನ್ನು ಶಾಸಕರು ಯಾವಾಗ ಬೇಕಾದರೂ ಹಾಕಬಹುದು. ಕಚೇರಿ ತೆರೆದಿರುವ ದಿನಗಳ ಲೆಕ್ಕದಲ್ಲಿ ಸಾಮಾನ್ಯವಾಗಿ 10 ದಿನದೊಳಗೆ ಉತ್ತರ ಬರಬೇಕು, ದೀರ್ಘ ವಿರಾಮದ ಹೊತ್ತಾದರೆ 20 ದಿನ. ನಮ್ಮ ಚುಕ್ಕೆ ರಹಿತ ಪ್ರಶ್ನೆಯ ಸೋದರಸಂಬಂಧಿ ಅನ್ನಿ.

ಖಾತಾವಾರು ಪ್ರಶ್ನೋತ್ತರದಲ್ಲಿ ಸಚಿವರು ಸರದಿಯ ಪ್ರಕಾರ ಸದನದಲ್ಲಿ ನಿಂತು ಉತ್ತರ ಕೊಡುತ್ತಾರೆ. ಗ್ರಾಮೀಣ ಖಾತೆಯ ಸರದಿ ಕೆಲವು ವಾರಗಳಿಗೊಮ್ಮೆ ಬರುತ್ತದೆ. ಯಾರು ಕೇಳಬೇಕು ಎನ್ನುವುದು ಲಾಟರಿ. ಹೆಸರು ಕೊಟ್ಟವರಲ್ಲಿ ಕಂಪ್ಯೂಟರ್ ಚೀಟಿ ಎತ್ತಿ ಖಾತೆಗೆ ಎಂಟು ಮಂದಿಯನ್ನು ಆರಿಸುತ್ತದೆ. ಗುರುವಾರ 11:40ಕ್ಕೆ ಇಪ್ಪತ್ತು ನಿಮಿಷದ ಸಾಮಾನ್ಯ ಪ್ರಶ್ನೋತ್ತರ, ಅದರ ಬೆನ್ನಿಗೇ 12ಕ್ಕೆ ಫಸ್ಟ್ ಮಿನಿಸ್ಟರ್, ಅಂದರೆ ಸ್ಕಾಟಿಷ್ ಸರ್ಕಾರದ ಮುಖ್ಯಸ್ಥರ ಪ್ರಶ್ನೋತ್ತರ. ಮಂಗಳವಾರ ಮಧ್ಯಾಹ್ನ ಬಿಸಿಬಿಸಿ ವಿಚಾರಗಳಿಗೆ ಸಾಮಯಿಕ ಪ್ರಶ್ನೆ. ಅದೇ ದಿನ ಉತ್ತರ ಬೇಕೇ ಬೇಕು ಎನ್ನುವಂಥದ್ದು ಘಟಿಸಿದ್ದರೆ ಬೆಳಿಗ್ಗೆ ಹತ್ತರೊಳಗೆ ತುರ್ತು ಪ್ರಶ್ನೆ ಕೊಡಬಹುದು, ಒಪ್ಪುವುದು ಬಿಡುವುದು ಸಭಾಧ್ಯಕ್ಷರಿಗೆ ಬಿಟ್ಟದ್ದು.

ಹೊಸಬರು ಗುರುವಾರದ ಹನ್ನೆರಡು ಗಂಟೆಯ ಹಿಂದೆ ಬೀಳುತ್ತಾರೆ, ಟಿವಿ ಅಲ್ಲಿದೆ ಅಂತ. ನನ್ನ ಮಾತು ಕೇಳುವುದಾದರೆ ಲಿಖಿತ ಪ್ರಶ್ನೆಯಿಂದ ಶುರುಮಾಡಿ. ಅದಕ್ಕೆ ಲಾಟರಿ ಇಲ್ಲ, ಚಪ್ಪಾಳೆಯೂ ಇಲ್ಲ, ಅಂಕಿ ಸಿಗುತ್ತದೆ.

ಹೆಜ್ಜೆ 3: ಲಿಖಿತ ಪ್ರಶ್ನೆಯನ್ನು ಕೆತ್ತಿ

ನಿಯಮ ಚಿಕ್ಕದು. ಪ್ರಶ್ನೆ ಸಂಕ್ಷಿಪ್ತವಾಗಿರಬೇಕು, ಸ್ಪಷ್ಟವಾಗಿರಬೇಕು, ಸ್ಕಾಟಿಷ್ ಮಂತ್ರಿಗಳ ಹೊಣೆಗೆ ಸೇರಿದ್ದಿರಬೇಕು, ಕೇಳುವವರ ಅಭಿಪ್ರಾಯ ಅದರಲ್ಲಿ ನುಸುಳಿರಬಾರದು. ನ್ಯಾಯಾಲಯದಲ್ಲಿ ನಡೆಯುತ್ತಿರುವ ಪ್ರಕರಣದ ತಂಟೆಗೆ ಹೋಗುವಂತಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹೆಬ್ರಿಡೀಸ್ ದ್ವೀಪಸಾಲಿನಲ್ಲಿ ಸೌತ್ ಯೂಯಿಸ್ಟ್ ಎಂಬ ದ್ವೀಪವಿದೆ, ಅಲ್ಲಿ ಲಾಕ್‌ಬಾಯ್ಸ್‌ಡೇಲ್ ಎಂಬ ಬಂದರು. 2023ರ ಜೂನ್‌ನಲ್ಲಿ ಬೇರೆ ಮಾರ್ಗದ ಹಡಗು ಕೆಟ್ಟಿತೆಂದು ಈ ಬಂದರಿನ ಸೇವೆಯನ್ನು ತಿಂಗಳಿನ ಬಹುಪಾಲು ನಿಲ್ಲಿಸಿದರು. ಊರವರು ಕಾರು, ವ್ಯಾನು, ಲಾರಿಗಳನ್ನು ಸಾಲುಗಟ್ಟಿ ಬಂದರಿನಲ್ಲಿ ಪ್ರತಿಭಟನೆ ಮಾಡಿದರು. ಅವರ ಪರವಾಗಿ ನೀವು ಪ್ರಶ್ನೆ ಬರೆಯಬೇಕು ಎಂದಿಟ್ಟುಕೊಳ್ಳಿ.

ಮೊದಲ ಕರಡು, ಸಿಟ್ಟಿನಲ್ಲಿ ಬಂದದ್ದು: "ದ್ವೀಪದ ಜನರನ್ನು ಸರ್ಕಾರ ಹೀಗೆ ನಡುನೀರಲ್ಲಿ ಕೈಬಿಟ್ಟದ್ದು ಏಕೆ?" ಇದು ಕಚೇರಿಯ ಮೇಜನ್ನೇ ದಾಟುವುದಿಲ್ಲ. ಕೈಬಿಟ್ಟರು ಅನ್ನುವುದು ಅಭಿಪ್ರಾಯ.

ಎರಡನೇ ಕರಡು: "ಲಾಕ್‌ಬಾಯ್ಸ್‌ಡೇಲ್ ಸೇವೆ ಸುಧಾರಿಸಲು ಸರ್ಕಾರ ಯಾವ ಕ್ರಮ ಕೈಗೊಂಡಿದೆ?" ನಿಯಮಕ್ಕೆ ಸರಿಯಾಗಿದೆ, ಉತ್ತರವೂ ಬರುತ್ತದೆ. ಆದರೆ ಏನು ಬರುತ್ತದೆ? ಹೊಸ ಹಡಗು ಕಟ್ಟಿಸುತ್ತಿದ್ದೇವೆ, ದ್ವೀಪವಾಸಿಗಳ ಜೊತೆ ಮಾತಾಡುತ್ತಿದ್ದೇವೆ, ಇಷ್ಟು ಕೋಟಿ ಇಟ್ಟಿದ್ದೇವೆ. ಮಂತ್ರಿಗೆ ಭಾಷಣದ ವೇದಿಕೆ ಕಟ್ಟಿಕೊಟ್ಟಂತಾಯಿತು. "ಯಾವ ಕ್ರಮ" ಎಂದು ಕೇಳಿದವರಿಗೆ "ಅಗತ್ಯ ಕ್ರಮ" ಎಂಬ ಉತ್ತರ ಸಿಗುವುದು ವಿಧಾನಸೌಧದಲ್ಲಷ್ಟೇ ಅಲ್ಲ.

ಮೂರನೇ ಕರಡು: "ಮ್ಯಾಲೇಗ್–ಲಾಕ್‌ಬಾಯ್ಸ್‌ಡೇಲ್ ಮಾರ್ಗದಲ್ಲಿ ಕಳೆದ ಮೂರು ವರ್ಷಗಳ ಪ್ರತಿ ತಿಂಗಳು ವೇಳಾಪಟ್ಟಿಯಲ್ಲಿದ್ದ ಎಷ್ಟು ಸಂಚಾರಗಳು ರದ್ದಾದವು, ಅವುಗಳಲ್ಲಿ ಹವಾಮಾನದಿಂದ, ತಾಂತ್ರಿಕ ದೋಷದಿಂದ, ಹಡಗನ್ನು ಬೇರೆ ಮಾರ್ಗಕ್ಕೆ ಕಳಿಸಿದ್ದರಿಂದ ರದ್ದಾದವು ತಲಾ ಎಷ್ಟು?"

ಈ ಮೂರನೆಯದರಲ್ಲಿ ಸಿಟ್ಟಿಲ್ಲ, ವಿಶೇಷಣವಿಲ್ಲ. ಆದರೆ ಕೊನೆಯ ಕಾರಣ ನೋಡಿ: ಹಡಗನ್ನು ಬೇರೆಡೆಗೆ ಕಳಿಸಿದ್ದು. ಬಿರುಗಾಳಿ ದೇವರ ಕೈಲಿದೆ, ಯಂತ್ರ ಕೆಡುವುದು ಹಣೆಬರಹ ಅಂತ ಹೇಳಬಹುದು. ಇನ್ನೊಂದು ದ್ವೀಪಕ್ಕಾಗಿ ಈ ದ್ವೀಪದ ಹಡಗು ತೆಗೆದದ್ದು ಮಾತ್ರ ಮನುಷ್ಯರು ಕೂತು ಮಾಡಿದ ತೀರ್ಮಾನ. ಅದಕ್ಕೊಂದು ಪ್ರತ್ಯೇಕ ಸಂಖ್ಯೆ ಕಾಗದದ ಮೇಲೆ ಬಂದರೆ ಅರ್ಧ ಕೆಲಸ ಮುಗಿದಂತೆ.

ಹಡಗಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಡಗು ಓಡಿಸುವುದು ಕ್ಯಾಲ್‌ಮ್ಯಾಕ್, ಹಡಗಿನ ಒಡೆತನ ಸಿಎಂಎಎಲ್ ಎಂಬ ಇನ್ನೊಂದು ಕಂಪನಿಯದು, ಗುತ್ತಿಗೆ ನೋಡಿಕೊಳ್ಳುವುದು ಟ್ರಾನ್ಸ್‌ಪೋರ್ಟ್ ಸ್ಕಾಟ್‌ಲೆಂಡ್. ಮೂರರ ಬೇರೂ ಸ್ಕಾಟಿಷ್ ಸರ್ಕಾರದಲ್ಲೇ ಇದೆ. ಆದರೂ "ಇದು ಸಂಸ್ಥೆಯ ದೈನಂದಿನ ನಿರ್ವಹಣೆಯ ವಿಚಾರ" ಎಂದು ಪ್ರಶ್ನೆಯನ್ನು ಅತ್ತ ದಾಟಿಸಿ, ಅವರು ಕೊಟ್ಟ ಉತ್ತರವನ್ನೇ ಅಂಟಿಸಿ ಕಳಿಸುವುದುಂಟು. ಅದನ್ನು ತಡೆಯಬೇಕಾದರೆ ಜೊತೆಗೇ ಎರಡನೇ ಪ್ರಶ್ನೆ ಹಾಕಿ: ಹಡಗು ಮರುಹಂಚಿಕೆಯ ತೀರ್ಮಾನದ ಬಗ್ಗೆ ಮಂತ್ರಿಗಳು ಸಂಸ್ಥೆಯೊಡನೆ ಯಾವ ದಿನಾಂಕಗಳಂದು ಮಾತಾಡಿದರು? ಮಂತ್ರಿ ತಾನೇ ಆಡಿದ ಮಾತಿನ ಬಗೆಗಿನ ಪ್ರಶ್ನೆಯನ್ನು ಬೇರೆಯವರಿಗೆ ದಾಟಿಸಲಾಗದು.

ಹೆಜ್ಜೆ 4: ಸರ್ಕಾರದ ಅಳತೆಗೋಲಿನಲ್ಲೇ ಅಳೆಯಿರಿ

ಹಳ್ಳಿಗಳಲ್ಲಿ ಮನೆ ಸಿಗುತ್ತಿಲ್ಲ ಎಂಬುದು ಸ್ಕಾಟ್‌ಲೆಂಡಿನ ಹೈಲ್ಯಾಂಡ್ಸ್‌ನ ದೊಡ್ಡ ದೂರು. ರಜೆಯ ಮನೆಗಳು, ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆಗಳು ಹೆಚ್ಚಿ, ಊರಿನ ನರ್ಸು, ಮೇಷ್ಟ್ರಿಗೆ ಬಾಡಿಗೆ ಮನೆ ಇಲ್ಲ. ಇದನ್ನು ಕೇಳುವಾಗ "ಹಳ್ಳಿ" ಎಂದು ಬರೆದರೆ ಯಾವುದು ಹಳ್ಳಿ ಎಂಬ ವಾದದಲ್ಲೇ ಉತ್ತರ ಮುಳುಗಿಹೋಗುತ್ತದೆ.

ಸರ್ಕಾರವೇ ಒಂದು ಮಾತು ಕೊಟ್ಟಿದೆ: 2032ರೊಳಗೆ 1,10,000 ಕೈಗೆಟುಕುವ ಮನೆಗಳು, ಅವುಗಳಲ್ಲಿ 10% ದೂರದ, ಗ್ರಾಮೀಣ ಮತ್ತು ದ್ವೀಪ ಪ್ರದೇಶಗಳಲ್ಲಿ. ಅಂದರೆ 11,000. ಆ ಗುರಿಯ ಪದಗಳನ್ನೇ ಎತ್ತಿಕೊಂಡು ಕೇಳಿ: ಆ ಗುರಿಯ ಲೆಕ್ಕಕ್ಕೆ ಸೇರಿದ ಎಷ್ಟು ಮನೆಗಳು ದೂರದ, ಗ್ರಾಮೀಣ, ದ್ವೀಪ ಪ್ರದೇಶಗಳಲ್ಲಿ ಪೂರ್ಣಗೊಂಡಿವೆ, ವರ್ಷವಾರು, ಕೌನ್ಸಿಲ್‌ವಾರು? "ಈ ಮಾಹಿತಿಯನ್ನು ಕೇಂದ್ರದಲ್ಲಿ ಸಂಗ್ರಹಿಸಿಲ್ಲ" ಎಂದು ಉತ್ತರ ಬಂದರೆ ಅದೂ ಲಾಭವೇ. ಗುರಿ ಇಟ್ಟುಕೊಂಡವರ ಹತ್ತಿರ ಲೆಕ್ಕದ ಪುಸ್ತಕವೇ ಇಲ್ಲ ಎಂದು ಸದನದಲ್ಲಿ ಹೇಳಬಹುದಲ್ಲ.

ಇದೇ ತಂತ್ರ ಕೃಷಿ ಸಹಾಯಧನಕ್ಕೂ ಹೊಂದುತ್ತದೆ, ಮರ ನೆಡುವ ಗುರಿಗೂ ಹೊಂದುತ್ತದೆ. ವಿಸ್ತರಿಸುವುದಿಲ್ಲ.

ಹೆಜ್ಜೆ 5: ಉತ್ತರವನ್ನು ಓದುವ ಕಲೆ

ಉತ್ತರ ಬಂತು ಎಂದು ಖುಷಿಪಡುವ ಮುಂಚೆ ಅದನ್ನು ಪ್ರಶ್ನೆಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಕೇಳಿದ್ದು ಮೂರು, ಉತ್ತರಿಸಿದ್ದು ಎರಡು ಆಗಿರುತ್ತದೆ. ಬಿಟ್ಟದ್ದು ಯಾವುದೋ ನೋವು ಅಲ್ಲೇ ಇರುತ್ತದೆ.

ಕೆಲವು ಮಾತುಗಳನ್ನು ಕಂಡ ಕೂಡಲೇ ಗುರುತಿಸಬೇಕು. "ಸೂಕ್ತ ಕಾಲದಲ್ಲಿ" ಎಂದರೆ ದಿನಾಂಕ ಗೊತ್ತಿಲ್ಲ, ಅಥವಾ ಗೊತ್ತಿದೆ, ಹೇಳುವುದಿಲ್ಲ. "ಈ ಬೇಸಿಗೆಯಲ್ಲಿ" ಎಂಬುದು ಸ್ಕಾಟ್‌ಲೆಂಡಿನಲ್ಲಿ ಸೆಪ್ಟೆಂಬರ್‌ವರೆಗೂ ಹಿಗ್ಗುತ್ತದೆ, ಹೊರಗೆ ಬಿಸಿಲಿದ್ದರೂ ಇಲ್ಲದಿದ್ದರೂ. "ಎಲ್ಲ ಆಯ್ಕೆಗಳನ್ನೂ ಪರಿಶೀಲಿಸುತ್ತಿದ್ದೇವೆ" ಎಂಬುದು ಅಡ್ಡಗೋಡೆಯ ಮೇಲೆ ದೀಪ. "ಆದಷ್ಟು ಬೇಗ ಉತ್ತರಿಸಲಾಗುವುದು" ಎಂದಷ್ಟೇ ಬಂದರೆ ಅದು ತಾತ್ಕಾಲಿಕ ಉತ್ತರ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮರೆತರೆ ಅವರೂ ಮರೆಯುತ್ತಾರೆ.

ಪ್ರತಿ ಪ್ರಶ್ನೆಗೂ ಒಂದು ಸಂಖ್ಯೆ ಇರುತ್ತದೆ. ಆರನೇ ಅವಧಿಯ ಲಿಖಿತ ಪ್ರಶ್ನೆಗಳು ಎಸ್6ಡಬ್ಲ್ಯು ಎಂದು ಶುರುವಾಗುತ್ತಿದ್ದವು. ಮುಂದಿನ ಪ್ರಶ್ನೆಯನ್ನು "ಇಂಥ ಸಂಖ್ಯೆಯ ಪ್ರಶ್ನೆಗೆ ಇಂಥ ದಿನ ಕೊಟ್ಟ ಉತ್ತರದ ಮುಂದುವರಿಕೆಯಾಗಿ" ಎಂದು ಆರಂಭಿಸಿ. ಹಳೆಯ ಉತ್ತರ ಹೊಸ ಪ್ರಶ್ನೆಗೆ ಗಂಟುಬೀಳುತ್ತದೆ. ಮೂರು ಪ್ರಶ್ನೆಗಳ ಇಂಥದೊಂದು ಸರ ಸಿಕ್ಕರೆ ಸ್ಥಳೀಯ ವಾರಪತ್ರಿಕೆಯ ವರದಿಗಾರರಿಗೆ ಮುಖಪುಟದ ಸುದ್ದಿ ಸಿಕ್ಕಂತೆ.

ಇನ್ನೊಂದು ಸಂಗತಿ. ಕೆಲವು ಲಿಖಿತ ಪ್ರಶ್ನೆಗಳನ್ನು ಸರ್ಕಾರವೇ ತನ್ನ ಪಕ್ಷದ ಶಾಸಕರ ಕೈಯಲ್ಲಿ ಹಾಕಿಸುತ್ತದೆ, ಏನನ್ನೋ ಪ್ರಕಟಿಸಲು. ಕದ್ದುಮುಚ್ಚಿ ಏನಲ್ಲ, ಸರ್ಕಾರ ಹಾಕಿಸಿದ್ದು ಎಂಬ ಗುರುತೂ ಇರುತ್ತದೆ. ದೀರ್ಘ ವಿರಾಮದ ಹಿಂದಿನ ಒಂದೆರಡು ದಿನ ಇಂಥವುಗಳ ಮೇಲೆ ಕಣ್ಣಿಡಿ. ಸದನದಲ್ಲಿ ನಿಂತು ಹೇಳಲು ಮುಜುಗರವಾಗುವ ಸುದ್ದಿ ಆ ದಾರಿಯಲ್ಲಿ ನಡೆದುಬರುವುದುಂಟು.

ಹೆಜ್ಜೆ 6: ಸದನದಲ್ಲಿ ಅಗಲ ಬಲೆ, ಆಮೇಲೆ ಗಾಳ

ಈಗ ಮೊದಲ ದೃಶ್ಯಕ್ಕೆ ಬರೋಣ. ನೀವೇ ಶಾಸಕರು ಅಂದುಕೊಳ್ಳಿ, ಲಾಟರಿಯಲ್ಲಿ ಹೆಸರು ಬಂತು. ಪ್ರಶ್ನೆಯ ಪಠ್ಯವನ್ನು ಸುಮಾರು ಒಂದು ವಾರ ಮುಂಚೆ ಕೊಡಬೇಕು, ಅದು ಬುಲೆಟಿನ್‌ನಲ್ಲಿ ಅಚ್ಚಾಗುತ್ತದೆ. ಅಂದರೆ ಮಂತ್ರಿಯ ಅಧಿಕಾರಿಗಳ ಕೈಯಲ್ಲಿ ಒಂದು ವಾರ ಸಮಯ.

ಹಾಗಾಗಿ ಲಿಖಿತ ಪ್ರಶ್ನೆಯ ಸೂತ್ರ ಇಲ್ಲಿ ತಲೆಕೆಳಗು. ಅಲ್ಲಿ ಪ್ರಶ್ನೆ ಸೂಜಿಯ ಹಾಗಿರಬೇಕು, ಇಲ್ಲಿ ಅಗಲವಾಗಿರಬೇಕು. ಬುಲೆಟಿನ್‌ನಲ್ಲಿ "ದ್ವೀಪಗಳ ಹಡಗು ಸೇವೆಗಳ ಬಗ್ಗೆ ಸರ್ಕಾರದ ಇತ್ತೀಚಿನ ಮಾಹಿತಿ ಏನು" ಎಂದಷ್ಟೇ ಇದ್ದರೆ ಅಧಿಕಾರಿಗಳು ಇಪ್ಪತ್ತು ದ್ವೀಪಕ್ಕೂ ಉತ್ತರ ಸಿದ್ಧಮಾಡಬೇಕು. ಯಾವ ದ್ವೀಪ, ಯಾವ ತಿಂಗಳು, ಯಾವ ಸಂಖ್ಯೆ ಎನ್ನುವುದು ನಿಮ್ಮ ಉಪಪ್ರಶ್ನೆಯಲ್ಲಿ ಬರುತ್ತದೆ, ಅದನ್ನು ಮುಂಚೆ ಯಾರೂ ನೋಡಿರುವುದಿಲ್ಲ. ಅಧಿಕಾರಿಗಳೂ ದಡ್ಡರಲ್ಲ. ಕೇಳುವವರು ಯಾವ ಕ್ಷೇತ್ರದವರು, ಈಚೆಗೆ ಏನೇನು ಲಿಖಿತ ಪ್ರಶ್ನೆ ಹಾಕಿದ್ದರು, ಅವರೂರ ಪತ್ರಿಕೆಯಲ್ಲಿ ಏನು ಬಂದಿದೆ ಎಂದು ಜಾಲಾಡಿ ಉಪಪ್ರಶ್ನೆಯನ್ನು ಊಹಿಸಿ ಕಡತಕ್ಕೆ ಚೀಟಿ ಸಿಕ್ಕಿಸಿರುತ್ತಾರೆ. ಸಚಿವರು ಕಡತದಲ್ಲಿ ಚೀಟಿ ಹುಡುಕುತ್ತಾ ಪುಟ ತಿರುವುವುದನ್ನು ಗ್ಯಾಲರಿಯಿಂದ ನೋಡಬಹುದು. ಬೇಗ ಸಿಕ್ಕರೆ ಊಹೆ ಸರಿಯಾಗಿತ್ತು ಎಂದರ್ಥ.

ಉಪಪ್ರಶ್ನೆಯಲ್ಲಿ ಮೂರು ವಿಷಯ ತುರುಕಬೇಡಿ. ಹೊಸ ಶಾಸಕರ ಸಾಮಾನ್ಯ ತಪ್ಪು ಇದು. ಮೂರು ಕೇಳಿದರೆ ಮಂತ್ರಿ ತನಗೆ ಹಿತವಾದ ಒಂದಕ್ಕೆ ಉತ್ತರಿಸಿ ಕೂರುತ್ತಾರೆ. ಒಂದು ಸಾಲಿನಲ್ಲಿ ಲಿಖಿತ ಉತ್ತರದ ಅಂಕಿ ಹೇಳಿ, ಇನ್ನೊಂದರಲ್ಲಿ ಹೌದು ಅಥವಾ ಇಲ್ಲ ಅನ್ನಲೇಬೇಕಾದ ಪ್ರಶ್ನೆ ಕೇಳಿ. ಹೀಗೆ: "ರದ್ದಾದ ಸಂಚಾರಗಳಲ್ಲಿ ಇಂತಿಷ್ಟು, ಹಡಗನ್ನು ಬೇರೆಡೆಗೆ ಕಳಿಸಿದ್ದರಿಂದ ಎಂದು ಸಚಿವರೇ ನನಗೆ ಬರೆದು ತಿಳಿಸಿದ್ದಾರೆ. ಮುಂದಿನ ಜೂನ್‌ನಲ್ಲಿ ಹಾಗಾಗುವುದಿಲ್ಲ ಎಂದು ಇಂದು ಭರವಸೆ ಕೊಡುತ್ತಾರೆಯೇ?" ಹೌದು ಎಂದರೆ ಅದು ಅಧಿಕೃತ ವರದಿಯಲ್ಲಿ ಉಳಿಯುತ್ತದೆ. ಜಾರಿಕೊಂಡರೆ ಜಾರಿದ್ದೂ ಉಳಿಯುತ್ತದೆ.

ನಿಮ್ಮ ಬಳಿಕ ಬೇರೆ ಶಾಸಕರೂ ಅದೇ ವಿಷಯದ ಮೇಲೆ ಉಪಪ್ರಶ್ನೆ ಕೇಳಬಹುದು. ಪಕ್ಕದ ದ್ವೀಪವನ್ನು ಪ್ರತಿನಿಧಿಸುವವರು, ಬೇರೆ ಪಕ್ಷದವರೇ ಆಗಲಿ, ಹಿಂದಿನ ದಿನ ಒಂದು ಮಾತು ಹೇಳಿಟ್ಟಿರಿ. ನೀವು ಬಿಟ್ಟ ಎಳೆಯನ್ನು ಅವರು ಎತ್ತಿಕೊಂಡರೆ ಮಂತ್ರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಹೊತ್ತು ಸಾಲದೆ ನಿಮ್ಮ ಸರದಿ ಬರದೇ ಹೋದರೆ ಲಿಖಿತ ಉತ್ತರ ಸಿಗುತ್ತದೆ. ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇದ್ದರೆ, ಉದಾಹರಣೆಗೆ ಕೃಷಿ ಸಹಾಯಧನದ ಬಗ್ಗೆ ಕೇಳುವವರು ತಾವೇ ಜಮೀನಿನವರಾಗಿದ್ದರೆ, ಮೊದಲು ಅದನ್ನು ಹೇಳಿಬಿಡಬೇಕು.

ಹೆಜ್ಜೆ 7: ಗುರುವಾರದ ಗದ್ದಲ

ಫಸ್ಟ್ ಮಿನಿಸ್ಟರ್ ಪ್ರಶ್ನೋತ್ತರ ಸುಮಾರು ಮುಕ್ಕಾಲು ಗಂಟೆ. ಇಲ್ಲಿ ಲಾಟರಿ ಇಲ್ಲ, ಸಭಾಧ್ಯಕ್ಷರೇ ಪ್ರಶ್ನೆ ಆರಿಸುತ್ತಾರೆ, ಮೊದಲ ಪಾಳಿ ವಿರೋಧ ಪಕ್ಷದ ನಾಯಕರದು. ಅವರ ಜಟಾಪಟಿಯಲ್ಲೇ ಅರ್ಧ ಹೊತ್ತು ಹೋಗುತ್ತದೆ. ಹಿಂದಿನ ಬೆಂಚಿನ ಗ್ರಾಮೀಣ ಶಾಸಕರಿಗೆ ಸಿಗುವುದು ಕ್ಷೇತ್ರದ ಬಗೆಗಿನ ಒಂದು ಉಪಪ್ರಶ್ನೆ, ಮೂವತ್ತು ಸೆಕೆಂಡು. ಆಸ್ಪತ್ರೆಯ ಹೆರಿಗೆ ವಿಭಾಗ ಮುಚ್ಚುತ್ತಿದೆ, ಊರಿನ ದೊಡ್ಡ ಕಾರ್ಖಾನೆ ಬಾಗಿಲು ಹಾಕುತ್ತಿದೆ, ಇಂಥದ್ದಕ್ಕೆ ಈ ಮೂವತ್ತು ಸೆಕೆಂಡು ಸರಿ. ಲೆಕ್ಕಾಚಾರಕ್ಕೆ ಇದು ಜಾಗವಲ್ಲ.

ಹೆಜ್ಜೆ 8: ಸಮಿತಿ ಕೊಠಡಿ

ಸದನದಲ್ಲಿ ಮಂತ್ರಿ ಒಂದು ನಿಮಿಷದಲ್ಲಿ ತಪ್ಪಿಸಿಕೊಳ್ಳಬಹುದು. ಸಮಿತಿಯಲ್ಲಿ ಒಂದೂವರೆ ಗಂಟೆ ಕೂರಬೇಕು, ಪಕ್ಕದಲ್ಲಿ ಅಧಿಕಾರಿಗಳೊಂದಿಗೆ. ಸಾಕ್ಷಿಗಳನ್ನು, ದಾಖಲೆಗಳನ್ನು ಕರೆಸುವ ಅಧಿಕಾರವನ್ನು ಸ್ಕಾಟ್‌ಲೆಂಡ್ ಕಾಯ್ದೆಯೇ ಪಾರ್ಲಿಮೆಂಟಿಗೆ ಕೊಟ್ಟಿದೆ.

ಇದರ ತೂಕ ಗೊತ್ತಾಗಬೇಕಾದರೆ ಪೋರ್ಟ್ ಗ್ಲಾಸ್ಗೋದ ಎರಡು ಹಡಗುಗಳ ಕಥೆ ನೋಡಿ. 2015ರಲ್ಲಿ ಫರ್ಗುಸನ್ ಹಡಗುಕಟ್ಟೆಗೆ 9.7 ಕೋಟಿ ಪೌಂಡಿಗೆ ಎರಡು ಹಡಗುಗಳ ಗುತ್ತಿಗೆ ಸಿಕ್ಕಿತು. 2018ರಲ್ಲಿ ಓಡಬೇಕಿತ್ತು. 2017ರ ನವೆಂಬರ್‌ನಲ್ಲಿ ಗ್ಲೆನ್ ಸ್ಯಾನಕ್ಸ್ ಎಂಬ ಮೊದಲ ಹಡಗನ್ನು ಸಮಾರಂಭ ಮಾಡಿ ನೀರಿಗಿಳಿಸಿದ್ದೂ ಆಯಿತು, ಒಳಗಿನ ಕೆಲಸ ಮಾತ್ರ ಮುಗಿದಿರಲಿಲ್ಲ. ಕಟ್ಟೆ ದಿವಾಳಿಯಾಗಿ 2019ರ ಡಿಸೆಂಬರ್‌ನಲ್ಲಿ ಸರ್ಕಾರದ ಕೈಗೆ ಬಂತು. ಗ್ಲೆನ್ ಸ್ಯಾನಕ್ಸ್ ಅರಾನ್ ದ್ವೀಪಕ್ಕೆ ಪ್ರಯಾಣಿಕರನ್ನು ಹೊತ್ತದ್ದು 2025ರ ಜನವರಿಯಲ್ಲಿ. ಸದನದಲ್ಲಿ ಇದರ ಬಗ್ಗೆ ಕೇಳದ ವಾರವೇ ಇರಲಿಲ್ಲವೇನೋ ಅನ್ನುವಷ್ಟು ಪ್ರಶ್ನೆ ಬಂದವು. ಆದರೆ ಗುತ್ತಿಗೆ ಹೇಗೆ ಕೊಟ್ಟರು, ಯಾರು ಎಚ್ಚರಿಸಿದ್ದರು ಎಂಬುದನ್ನು ಎಳೆಎಳೆಯಾಗಿ ಹೊರಗೆಳೆದದ್ದು ಗ್ರಾಮೀಣ ಆರ್ಥಿಕತೆ ಮತ್ತು ಸಂಪರ್ಕ ಸಮಿತಿಯ ವಿಚಾರಣೆ. 2020ರ ಡಿಸೆಂಬರ್‌ನ ವರದಿ ಇಡೀ ಪ್ರಕ್ರಿಯೆಯನ್ನು ಕಟುವಾಗಿ ಖಂಡಿಸಿತು. ಆಮೇಲೆ 2022ರಲ್ಲಿ ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಆಡಿಟ್ ಸ್ಕಾಟ್‌ಲೆಂಡ್‌ನ ವರದಿ ಬಂತು. ಒಂದು ಮೌಖಿಕ ಪ್ರಶ್ನೆಯಿಂದ ಇಷ್ಟು ಆಗುವುದಿಲ್ಲ.

ಸಮಿತಿಯಲ್ಲಿ ಕೇಳುವವರು ಮುಂಚೆಯೇ ಕೂತು ಹಂಚಿಕೊಳ್ಳಬೇಕು, ಯಾರು ಹಣ ಕೇಳುವುದು, ಯಾರು ದಿನಾಂಕ ಕೇಳುವುದು ಎಂದು. ಪಾರ್ಲಿಮೆಂಟಿನ ಸ್ಪೈಸ್ ಎಂಬ ಸಂಶೋಧನಾ ವಿಭಾಗ ಟಿಪ್ಪಣಿ ಮಾಡಿಕೊಡುತ್ತದೆ. ಅದನ್ನು ಓದದೆ ಬರುವ ಸದಸ್ಯರನ್ನು ಎರಡನೇ ಪ್ರಶ್ನೆಯಲ್ಲೇ ಗುರುತು ಹಿಡಿಯಬಹುದು.

ಹೆಜ್ಜೆ 9: ಆಳುವ ಪಕ್ಷದವರು ಕೇಳಿದಾಗ

ವಿರೋಧ ಪಕ್ಷದವರ ಪ್ರಶ್ನೆಗೆ ಮಂತ್ರಿ ಮುಖ ಸಿಂಡರಿಸಿ ಉತ್ತರಿಸಿಬಿಡಬಹುದು. ಸ್ವಂತ ಪಕ್ಷದ ಕರಾವಳಿಯ ಶಾಸಕರು ಎದ್ದು ನಿಂತರೆ ಲೆಕ್ಕವೇ ಬೇರೆ. ಆಳುವ ಪಕ್ಷವಾದ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಮತ್ತು ಗ್ರೀನ್ ಪಕ್ಷದ 2021ರ ಒಪ್ಪಂದದಲ್ಲಿ ಸ್ಕಾಟ್‌ಲೆಂಡಿನ ಸಮುದ್ರದ ಕನಿಷ್ಠ 10% ಪ್ರದೇಶವನ್ನು ಅತಿ ಸಂರಕ್ಷಿತ ಕಡಲ ವಲಯ ಮಾಡುವ ಮಾತಿತ್ತು. ಅಲ್ಲಿ ಮೀನುಗಾರಿಕೆ ಪೂರಾ ಬಂದ್. 2022ರ ಡಿಸೆಂಬರ್‌ನಿಂದ 2023ರ ಏಪ್ರಿಲ್‌ವರೆಗೆ ಜನಾಭಿಪ್ರಾಯ ಕೇಳಿದರು. ಮೀನುಗಾರರ ಊರುಗಳು ಕುದ್ದುಹೋದವು. 2023ರ ಮೇ ತಿಂಗಳ ಚರ್ಚೆಯಲ್ಲಿ ಆಳುವ ಪಕ್ಷದವರೇ ಆದ, ಹಿಂದೆ ಗ್ರಾಮೀಣ ಖಾತೆ ನೋಡಿದ್ದ ಫರ್ಗಸ್ ಯೂಯಿಂಗ್ ಜನಾಭಿಪ್ರಾಯಕ್ಕೆ ಹೊರಡಿಸಿದ್ದ ದಾಖಲೆಯನ್ನು ಸದನದಲ್ಲೇ ಹರಿದರು. ಜೂನ್ 29ರಂದು ಆ ಪ್ರಸ್ತಾವವನ್ನು ಕೈಬಿಡುವುದಾಗಿ ಸಚಿವೆ ಮೈರಿ ಮೆಕ್‌ಅಲನ್ ಹೇಳಿದರು.

ಕಾಗದ ಹರಿದದ್ದರಿಂದ ಹಾಗಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಯಾರ ಕೈಯಲ್ಲಿ ಪ್ರಶ್ನೆ ಕೇಳಿಸುತ್ತೀರಿ ಎಂಬುದು ಏನು ಕೇಳಿಸುತ್ತೀರಿ ಎಂಬಷ್ಟೇ ಮುಖ್ಯ.

ಹೆಜ್ಜೆ 10: ದಿನಾಂಕದ ಬೆನ್ನು ಬಿಡಬೇಡಿ

ಪರ್ತ್‌ನಿಂದ ಇನ್‌ವರ್ನೆಸ್‌ಗೆ ಹೋಗುವ ಎ9 ಹೆದ್ದಾರಿಯ ಒಂಟಿ ರಸ್ತೆಯನ್ನೆಲ್ಲ 2025ರೊಳಗೆ ಜೋಡಿ ರಸ್ತೆ ಮಾಡುತ್ತೇವೆ ಎಂದು 2011ರಲ್ಲಿ ಸರ್ಕಾರ ಹೇಳಿತು. ವರ್ಷಗಳು ಹೋದವು, ಎರಡು ತುಂಡು ಮುಗಿದವು. "2025ರ ಗುರಿ ಇನ್ನೂ ಇದೆಯೇ?" ಎಂದು ಹೈಲ್ಯಾಂಡ್ಸ್‌ನ ಶಾಸಕರು ಕೇಳುತ್ತಲೇ ಹೋದರು. 2023ರ ಫೆಬ್ರವರಿಯಲ್ಲಿ ಅಂದಿನ ಸಾರಿಗೆ ಸಚಿವೆ ಜೆನ್ನಿ ಗಿಲ್ರುತ್ ಆ ಗಡುವು ಸಾಧ್ಯವಿಲ್ಲ ಎಂದು ಒಪ್ಪಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಹೊಸ ದಿನಾಂಕ ಬಂತು: 2035ರ ಕೊನೆ.

ಇಲ್ಲಿ ಕೆಲಸಕ್ಕೆ ಬಂದ ಪ್ರಶ್ನೆ ಜಾಣತನದ್ದೇನಲ್ಲ. ಅದೇ ಪ್ರಶ್ನೆ, ಅದೇ ಪದ, ಪ್ರತಿ ಆರು ತಿಂಗಳಿಗೊಮ್ಮೆ. "ನಾವು 2025ಕ್ಕೆ ಬದ್ಧ" ಎಂಬ ಉತ್ತರ "ಜೋಡಿ ರಸ್ತೆಗೆ ಬದ್ಧ" ಎಂದು ಬದಲಾಯಿತೇ? ಮಾತಿನಿಂದ ಇಸವಿ ಯಾವತ್ತು ಉದುರಿತೋ ಅವತ್ತೇ ಗಡುವು ತಪ್ಪಿತು ಎಂದು ತಿಳಿಯಬೇಕು. ಹಾಗಾಗಿ ಉತ್ತರಗಳನ್ನು ದಿನಾಂಕದ ಪ್ರಕಾರ ಒಂದು ಕಡತದಲ್ಲಿಡಿ.

ಮಂತ್ರಿ ಹೇಳಿದ್ದು ತಪ್ಪು ಎಂದು ಕಂಡರೆ ತಿದ್ದುಪಡಿ ಕೇಳಿ ಪತ್ರ ಬರೆಯಿರಿ. ಸದನಕ್ಕೆ ಕೊಟ್ಟ ತಪ್ಪು ಮಾಹಿತಿಯನ್ನು ಆದಷ್ಟು ಬೇಗ ಸರಿಪಡಿಸಬೇಕು, ಗೊತ್ತಿದ್ದೂ ದಾರಿ ತಪ್ಪಿಸಿದವರು ರಾಜೀನಾಮೆ ಕೊಡಬೇಕು ಎಂದು ಅಲ್ಲಿನ ಮಂತ್ರಿಗಳ ನೀತಿ ಸಂಹಿತೆ ಹೇಳುತ್ತದೆ. ಪ್ರಶ್ನೆಗೆ ಸಿಗದ ದಾಖಲೆಗಳಿಗೆ ಮಾಹಿತಿ ಹಕ್ಕಿನ ದಾರಿಯೂ ಇದೆ. 2002ರ ಕಾಯ್ದೆಯಡಿ 20 ಕೆಲಸದ ದಿನ, ಅದಕ್ಕೆ ಶಾಸಕರೇ ಆಗಬೇಕಿಲ್ಲ.

ನೀವು ಮತದಾರರಾಗಿದ್ದರೆ

ಸ್ಕಾಟ್‌ಲೆಂಡಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪ್ರಜೆಗಳು, ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲದಿದ್ದರೂ, ಸ್ಕಾಟಿಷ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಬಹುದು, 16 ತುಂಬಿದ್ದರೆ ಸಾಕು. ನಮ್ಮ ಸಂಘದ ಯುಗಾದಿ ಊಟದಲ್ಲಿ ಇದನ್ನು ಹೇಳಿದಾಗ ಅರ್ಧ ಜನ ನಂಬಲಿಲ್ಲ.

ನಿಮಗೆ ಎಂಟು ಶಾಸಕರಿದ್ದಾರೆ: ಕ್ಷೇತ್ರದವರು ಒಬ್ಬರು, ಪ್ರಾಂತ್ಯದವರು ಏಳು. ಎಂಟೂ ಜನಕ್ಕೆ ಒಂದೇ ಇಮೇಲ್ ಕಳಿಸಿದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಎಲ್ಲರೂ ಸುಮ್ಮನಾಗಬಹುದು. ಒಬ್ಬರನ್ನು ಆರಿಸಿ. ಪತ್ರ ಒಂದು ಪುಟ ಮೀರದಿರಲಿ. ಆದದ್ದೇನು, ಯಾವ ದಿನ, ಯಾರಿಗೆ ದೂರು ಕೊಟ್ಟಿರಿ, ಏನು ಉತ್ತರ ಬಂತು ಅಷ್ಟು ಬರೆದು, ಕೊನೆಗೆ ಅವರು ಕೇಳಬಹುದಾದ ಪ್ರಶ್ನೆಯನ್ನು ನೀವೇ ಎರಡು ಸಾಲಿನಲ್ಲಿ ಬರೆದುಕೊಡಿ. ಕಚೇರಿಯಲ್ಲಿರುವುದು ಇಬ್ಬರು ಮೂವರು ಸಹಾಯಕರು, ಅವರ ಕೆಲಸ ಹಗುರವಾದಷ್ಟೂ ನಿಮ್ಮ ಪ್ರಶ್ನೆ ಬೇಗ ಹೊರಡುತ್ತದೆ. ಶಾಸಕರು ಒಪ್ಪದಿದ್ದರೆ ಪಾರ್ಲಿಮೆಂಟಿಗೆ ನೇರವಾಗಿ ಅರ್ಜಿ ಹಾಕಬಹುದು, ಅದಕ್ಕೆ ಒಂದೇ ಸಹಿ ಸಾಕು.

ಪತ್ರದ ಕೆಳಗೆ ಮನೆ ವಿಳಾಸ, ಪೋಸ್ಟ್‌ಕೋಡ್ ಹಾಕಿ. ಅದಿಲ್ಲದಿದ್ದರೆ ನೀವು ಅವರ ಕ್ಷೇತ್ರದವರು ಹೌದೋ ಅಲ್ಲವೋ ಎಂದು ಕೇಳಿಯೇ ಮೊದಲ ವಾರ ಕಳೆದುಹೋಗುತ್ತದೆ.